ನೀರಿಲ್ಲದ ನಳದ ಸಿಸ್ಟರ್

ಹೆರಿಗೆ ಕೋಣೆಗೆ ಹೋಗುವ ಮುನ್ನ ಆ ಸಿಸ್ಟರ್ ನಳದ ಮುಂದೆ ನಿಂತು ಕೈ ತೊಳೆಯುತ್ತಿದ್ದರು. ಅಂಗೈಗೆ ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು. ಗೋಡೆಯ ಪಟದಲ್ಲಿದ್ದ ಒಂದು ಹಂತವನ್ನೂ ಬಿಡುತ್ತಿರಲಿಲ್ಲ. ನಳದಲ್ಲಿ ಮಾತ್ರ ನೀರಿರುತ್ತಿರಲಿಲ್ಲ. ಅಫಜಲಪುರ ಕಡೆಯ ನಮ್ಮ ಸಣ್ಣ ಆಸ್ಪತ್ರೆಯ ಬೋರು ಬೇಸಿಗೆಗೆ ಬತ್ತುತ್ತಿತ್ತು. ಹೊರಗಿನಿಂದ ತಂದ ಎರಡು ಕೊಡ ನೀರು ಬಾಣಂತಿಗೇ ಮೀಸಲು.

ಒಣಗೈ ಉಜ್ಜಿ, ಗ್ಲೌಸ್ ಹಾಕಿಕೊಂಡು ನನ್ನತ್ತ ತಿರುಗುತ್ತಿದ್ದರು. "ನೋಡೀರಲ್ರಿ?"

"ನೋಡೇನ್ರಿ," ಎನ್ನುತ್ತಿದ್ದೆ.

ಕೈ ತೊಳೆದದ್ದನ್ನು ಕಣ್ಣಾರೆ ಕಂಡು ತಖ್ತೆಯಲ್ಲಿ ಗುರುತು ಹಾಕುವ ಕೆಲಸ ಲ್ಯಾಬಿನವನಾದ ನನ್ನ ಪಾಲಿಗೆ ಬಂದಿತ್ತು. ತೊಳೆದರು, ತೊಳೆಯಲಿಲ್ಲ ಎಂಬ ಎರಡೇ ಕಾಲಂ. ನೀರಿತ್ತೇ ಎಂದು ಅದು ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಹೆತ್ತು ಎರಡು ದಿನವಾಗಿದ್ದ ಬಾಣಂತಿಯೊಬ್ಬಳು ಚಳಿಜ್ವರದಿಂದ ನಡುಗತೊಡಗಿದಳು. ಆಂಬುಲೆನ್ಸ್ ಅವಳನ್ನು ಕಲಬುರಗಿಗೆ ಒಯ್ದ ಮೇಲೆ ಸಿಸ್ಟರ್ ಮತ್ತೆ ನಳದ ಮುಂದೆ ನಿಂತರು. ಹೆರಿಗೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಉಜ್ಜುತ್ತಲೇ ಇದ್ದರು. ಒಣ ಚರ್ಮದ ಸರಸರ ಸದ್ದು ನಾನಿದ್ದಲ್ಲಿಗೂ ಕೇಳುತ್ತಿತ್ತು.

"ಅಕಿ ಹೆರಿಗಿ ಆದ ದಿನಾನೂ ನಾ ಕೈ ತೊಳ್ಕೊಂಡಿದ್ನಲ್ರಿ? ನೀವ ನೋಡೀರಲ್ರಿ?"

ತಖ್ತೆಯಲ್ಲಿ ನನ್ನದೇ ಗುರುತಿತ್ತು. "ನೋಡೇನ್ರಿ," ಎಂದೆ.

ಆ ಬಾಣಂತಿ ಉಳಿಯಲಿಲ್ಲ. ಸಿಸ್ಟರ್ ವರ್ಗವಾಗಿ ಹೋದರು. ಈಗ ನಮಗೆ ಹೊಸ ಟ್ಯಾಂಕು ಬಂದಿದೆ. ಬೆಳಿಗ್ಗೆ ನಳ ತಿರುಗಿಸಿದರೆ ನೀರಿಗಿಂತ ಮೊದಲು ಗಾಳಿ ಬರುತ್ತದೆ, ಒಣಗೈ ಉಜ್ಜಿದ ಹಾಗೆ ಸರಸರ ಎನ್ನುತ್ತದೆ. ಕೇಳುವವರು ಯಾರೂ ಇರುವುದಿಲ್ಲ. ಆದರೂ ನಾನು ಹಿಂತಿರುಗಿ ನೋಡದೆ "ನೋಡೇನ್ರಿ" ಎನ್ನುತ್ತೇನೆ. ಆಮೇಲೇ ನೀರು ಬರುತ್ತದೆ.