ಕರಡಿ ಮನೆಗೆ ಬಂದ ಜೊತೆಗಾತಿ

ಮೃಗಾಲಯದಲ್ಲಿ ಅವನನ್ನು ಎಲ್ಲರೂ ಕರಡಿಮಾವ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಕರಡಿಗಳ ಊಟ, ಉಪಚಾರ, ಗೂಡಿನ ಸ್ವಚ್ಛತೆ ಎಲ್ಲ ಅವನದೇ. ಈಚೆಗೆ ಅವನ ಕಿವಿ ಮಂದವಾಗುತ್ತ ಬಂದಿತ್ತು. ಅದು ಹೆಂಡತಿಗೆ ಗೊತ್ತಿತ್ತು. ಅವನು ಟಿವಿ ಹಾಕಿದರೆ ಪಕ್ಕದ ಮನೆಯವರಿಗೂ ಧಾರಾವಾಹಿಯ ಕತೆ ಬಾಯಿಪಾಠವಾಗುತ್ತಿತ್ತು. ಕೆಲಸದಲ್ಲಿ ಮಾತ್ರ ಎದುರಿನವರ ತುಟಿ ನೋಡಿ, ಹೂಂಗುಟ್ಟಿ ಸಂಭಾಳಿಸುತ್ತಿದ್ದ. ಗೊತ್ತಾದರೆ ಕರಡಿ ಮನೆಯಿಂದ ಎತ್ತಿ ಎಲ್ಲೋ ಮೂಲೆಗೆ ಹಾಕುತ್ತಾರೆ ಎಂಬ ದಿಗಿಲು.

ಹೊಸ ನಿರ್ದೇಶಕಿ ಬಂದವರೇ ಎಲ್ಲರನ್ನೂ ಸೇರಿಸಿ, "ಇದು ಎಲ್ಲರ ಮೃಗಾಲಯ ಆಗ್ಬೇಕು" ಎಂದರು. ಗಾಲಿಕುರ್ಚಿಗೆ ಇಳಿಜಾರು ದಾರಿ, ಕಣ್ಣು ಕಾಣದವರಿಗೆ ಮುಟ್ಟಿ ಓದುವ ಫಲಕ, ಗದ್ದಲ ತಡೆಯದ ಮಕ್ಕಳಿಗೆ ಸದ್ದಿಲ್ಲದ ಕೋಣೆ. ಕೆಲಸಕ್ಕೂ ಎಲ್ಲ ಥರದವರು ಬರುತ್ತಾರೆ ಎಂದರು. ಸ್ವಲ್ಪ ದಿನಕ್ಕೇ ಕರಡಿ ಮನೆಗೆ ಹುಟ್ಟಾ ಕಿವುಡಿಯಾದ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಹಿಂದೆ ಹಸುಗಳ ಕೊಟ್ಟಿಗೆಯಲ್ಲಿ ದುಡಿದವಳು.

ಇಷ್ಟು ಗೂಡುಗಳಿರುವಾಗ ನನ್ನ ಗೂಡೇ ಯಾಕೆ ಎಂದು ಕರಡಿಮಾವನ ತಲೆಗೆ ಹುಳ ಹೊಕ್ಕಿತು.

"ಯಾರೋ ನನ್ನ ಕಿವಿ ವಿಷಯ ಮೇಲೆ ಮುಟ್ಟಿಸಿದಾರೆ ಕಣೇ. ಗೂಢಚಾರಿಕೆಗೆ ಬಂದವಳು ಅವಳು" ಎಂದ ಹೆಂಡತಿಗೆ.

"ಕಿವಿ ಕೇಳದವಳನ್ನ ಯಾರಾದ್ರೂ ಗೂಢಚಾರಿಕೆಗೆ ಕಳಿಸ್ತಾರಾ?"

"ಕಣ್ಣಿದೆಯಲ್ಲ."

ಆ ಕಣ್ಣುಗಳು ನಿಜಕ್ಕೂ ಅವನನ್ನು ಬಿಡುತ್ತಿರಲಿಲ್ಲ. ಅವನು ಬಕೆಟ್ ಎತ್ತಿದರೂ ನೋಡುವಳು, ಇಳಿಸಿದರೂ ನೋಡುವಳು. ಊಟದ ಹೊತ್ತಿಗೆ ಮೊಬೈಲ್ ಎದುರಿಗಿಟ್ಟುಕೊಂಡು ಯಾರೊಡನೆಯೋ ಕೈಸನ್ನೆಯಲ್ಲಿ ಹರಟುವಳು. ಒಂದು ದಿನ ಅವನತ್ತ ತಿರುಗಿ ನೋಡಿ, ತನ್ನ ಕಿವಿ ಮುಟ್ಟಿ ತೋರಿಸಿ ನಕ್ಕಳು. ಅವನು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ ಎದ್ದುಹೋದ.

ಆ ವಾರದಲ್ಲೇ ಎಡವಟ್ಟಾಯಿತು. ಗೂಡು ತೊಳೆಯುವ ಮುನ್ನ ಕರಡಿಯನ್ನು ಒಳಕೋಣೆಗೆ ಅಟ್ಟಿ, ಮೇಲಿನಿಂದ ಕಬ್ಬಿಣದ ಬಾಗಿಲು ಇಳಿಸಬೇಕು. ಅದು ಕೂತಾಗ ಟಕ್ಕೆಂದು ಸದ್ದಾಗುತ್ತದೆ. ಆ ಸದ್ದು ಅವನಿಗೆ ಕೇಳದೆ ಬಹಳ ದಿನವಾಗಿತ್ತು. ಕೂತಿರುತ್ತದೆ ಎಂಬ ಧೈರ್ಯದ ಮೇಲೇ ನಡೆಯುತ್ತಿತ್ತು. ಅಂದು ಬಾಗಿಲಡಿಗೆ ಮೂಳೆಯೊಂದು ಸಿಕ್ಕಿಕೊಂಡು ಅದು ಪೂರ್ತಿ ಕೂತಿರಲಿಲ್ಲ. ಅವನು ಬಗ್ಗಿ ನೆಲ ಉಜ್ಜುತ್ತಿದ್ದಾಗ ಬೆನ್ನಿಗೆ ರಪ್ಪನೆ ತಣ್ಣೀರು ಬಡಿಯಿತು. ಬೈಯಲೆಂದು ತಿರುಗಿದರೆ, ಕಂಬಿಯಾಚೆ ಅವಳು ನೀರಿನ ಪೈಪು ಹಿಡಿದು ಒಳಬಾಗಿಲಿನತ್ತ ಕೈ ಬೀಸುತ್ತಿದ್ದಳು. ಬಾಗಿಲ ಕೆಳಗಿಂದ ಕರಡಿಯ ಮೂತಿ, ಒಂದು ಭುಜ ಆಗಲೇ ಈಚೆ ಬಂದಿದ್ದವು. ಅವನು ಎದ್ದನೋ ಬಿದ್ದನೋ, ಹೊರಗೆ ಬಂದುಬಿಟ್ಟ. ಅವಳು ಗೇಟು ಎಳೆದು ಚಿಲಕ ಜಡಿದಳು.

ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಅವಳು ಅವನ ಕಿವಿಯತ್ತ ಬೆರಳು ತೋರಿಸಿ ಹುಬ್ಬೇರಿಸಿದಳು. ಅವನು ಕೇಳುವುದಿಲ್ಲವೆಂದು ತಲೆಯಾಡಿಸಿದ.

ಕಚೇರಿಯಿಂದ ಕರೆ ಬರುತ್ತದೆ ಎಂದು ಕಾದ. ಬರಲಿಲ್ಲ. ಅದು ಅವನನ್ನು ಇನ್ನಷ್ಟು ಕಾಡಿತು. ಯಾವ ಹೊತ್ತಿಗೆಂದು ಈ ಗುಟ್ಟು ಇಟ್ಟುಕೊಂಡಿದ್ದಾಳೆ ಇವಳು? ಕೊನೆಗೆ ತಡೆಯಲಾರದೆ, ಅವಳು ಮೊಬೈಲಿನಲ್ಲಿ ಹರಟುವಾಗ ಹೋಗಿ ಎದುರು ನಿಂತ. ಪರದೆಯಲ್ಲಿದ್ದವಳು ಅವಳ ತಂಗಿ. ಕಿವಿ ಬಾಯಿ ಎರಡೂ ನೆಟ್ಟಗಿದ್ದವಳು.

"ನಿಮ್ಮಕ್ಕ ಯಾಕೆ ಮೇಲೆ ಹೇಳಲಿಲ್ಲ, ಕೇಳಮ್ಮ."

ತಂಗಿ ಸನ್ನೆ ಮಾಡಿದಳು, ಉತ್ತರ ನೋಡಿದಳು. ಬಿಡಿಸಿ ಬಿಡಿಸಿ ಆಡಿದ್ದರಿಂದ ಅವನಿಗೆ ತುಟಿ ಓದಲು ಕಷ್ಟವಾಗಲಿಲ್ಲ. "ಅದು ನೀವೇ ಹೇಳ್ಕೋಬೇಕಾದ್ದಂತೆ. ಆದರೆ ಬೇಗ ಹೇಳಿ ಅಂತಾಳೆ. ಇನ್ನೊಂದ್ಸಲ ಪೈಪು ಕೈಯಲ್ಲೇ ಇರುತ್ತೆ ಅಂತ ಏನು ನೆಚ್ಚಿಕೆ?"

"ಮತ್ತೆ ಅವತ್ತು ಕಿವಿ ತೋರಿಸಿ ನಕ್ಕಿದ್ದು?"

ತಂಗಿ ಮುಜುಗರದಿಂದ ಹೇಳಿದಳು: "ನಿಮ್ಮ ಕಿವೀಲಿ ಕರಡಿ ಥರಾನೇ ಕೂದಲು ಅಂದಿದ್ಲು."

ಆ ಸಂಜೆಯೇ ಅವನು ನಿರ್ದೇಶಕಿಯ ಬಾಗಿಲು ತಟ್ಟಿದ. ಕೆಲಸ ಹೋಗಲಿಲ್ಲ. ಕಿವಿಗೆ ಯಂತ್ರ ಬಂತು. ಒಳಬಾಗಿಲು ಸರಿಯಾಗಿ ಕೂತರೆ ಹತ್ತುವ ಹಸಿರು ದೀಪ ಬಂತು. ಇಷ್ಟು ಸಲೀಸಾಗಿ ಮುಗಿಯಿತೆಂದು ನಂಬಲು ಮಾತ್ರ ಅವನಿಗೆ ಆಗಲಿಲ್ಲ. ದೀಪ ಹತ್ತಿದರೂ ಸಲಾಕೆಯಿಂದ ಬಾಗಿಲು ಕುಟ್ಟಿ ನೋಡಿಯೇ ಒಳಗೆ ಕಾಲಿಡುತ್ತಿದ್ದ. ಹೆಬ್ಬಾಗಿಲ 'ಎಲ್ಲರ ಮೃಗಾಲಯ' ಫಲಕಕ್ಕೆ ಇಬ್ಬರ ಫೋಟೋ ಬೇಕೆಂದು ಕಚೇರಿಯವರು ಬಂದಾಗ ಅವನು, "ಯಾತಕ್ಕೆ?" ಎಂದು ಮುಖ ಗಂಟಿಕ್ಕಿದ. ಪಕ್ಕಕ್ಕೆ ತಿರುಗಿದರೆ, ಅವಳೂ ಬೇಡವೆಂದು ಎರಡು ಕೈಯನ್ನೂ ಆಡಿಸುತ್ತಿದ್ದಳು.