ಸುಡಬಾರದ ಗಣಪ

ಯುದ್ಧದ ಕಾಲದಲ್ಲಿ ದಂಡಿನ ಒಬ್ಬ ಬಿಳಿ ಕ್ಯಾಪ್ಟನ್ನಿಗೆ ನಾನು ದುಭಾಷಿಯಾಗಿದ್ದೆ. ಚೌತಿಗೆ ಮುಂಚೆ ಅವನು ಹಲಸೂರಿನ ಕುಂಬಾರ ಮುನಿಯಪ್ಪನವರ ಅಂಗಳದಲ್ಲಿ, ಹಸಿಮಣ್ಣಿನ ಗಣಪನ ಮುಂದೆ ಕೂತೇಬಿಟ್ಟ.

"ಎಂಥಾ ಕೈ! ಇದು ನೂರಾರು ವರ್ಷ ಉಳೀಬೇಕು. ಮಡಕೆಗಳ ಜೊತೆ ಆವಿಗೆಗೆ ಹಾಕಿ ಸುಟ್ಟುಕೊಡೋಕೆ ಹೇಳು."

ಹೇಳಿದೆ. ಮುನಿಯಪ್ಪ ಬೆಚ್ಚಿಬಿದ್ದರು. "ಸುಟ್ರೆ ನೀರಲ್ಲಿ ಕರಗಲ್ಲ ಸ್ವಾಮಿ. ಈ ವರ್ಷದೋನು ಹೋಗ್ದೇ ಇದ್ರೆ ಮುಂದಿನ ವರ್ಷ ಹೆಂಗೆ ಬರ್ತಾನೆ? ನಮ್ಮಪ್ಪ, ತಾತ ಮಾಡಿದ್ದು ಒಂದೂ ಉಳಿದಿಲ್ಲ. ಅದಕ್ಕೇ ನಾನಿನ್ನೂ ಮಾಡ್ತಾ ಇದ್ದೀನಿ."

ಉಳಿಸೋದು ಯಾವುದು, ಕಳೆಯೋದು ಯಾವುದು ಅಂತ ನನಗೇ ಗೊಂದಲವಾಯಿತು. ಇಬ್ಬರೂ ನನ್ನ ಬಾಯನ್ನೇ ನೋಡ್ತಿದ್ದರು.

"ಆವಿಗೆ ಕೆಟ್ಟಿದೆಯಂತೆ ಸಾರ್" ಅಂದುಬಿಟ್ಟೆ.

ನಮ್ಮ ಮೂವರ ಕಣ್ಣೆದುರೇ ಅದರಿಂದ ಹೊಗೆ ಏಳ್ತಾ ಇತ್ತು.