ಹುತ್ತದ ಚೌಕಾಸಿ

ನಿಮ್ಮ ದೇವರು ಎಷ್ಟು ಟ್ರ್ಯಾಕ್ಟರ್ ಆಗುತ್ತಾನೆ, ಹೇಳಿ ನೋಡೋಣ?

ಹೊಸ ರಸ್ತೆಗೆ ಕುರುಗೋಡಿನ ನನ್ನ ತಂಗಿಯ ಹೊಲ ಹೋಗುತ್ತಿದೆ. ಹೊಲದಲ್ಲಿ ಅವಳು ಮದುವೆಯಾದಾಗಿನಿಂದ ಹಾಲೆರೆಯುತ್ತಾ ಬಂದ ನಾಗಪ್ಪನ ಹುತ್ತವಿದೆ. ಅದೊಂದನ್ನು ಬಿಟ್ಟುಬಿಡಿ ಎಂದು ಕೇಳಲು ಇಬ್ಬರೂ ಸಿರುಗುಪ್ಪದ ಭೂಸ್ವಾಧೀನ ಕಚೇರಿಗೆ ಹೋಗಿದ್ದೆವು. ಸಾಹೇಬರ ಪರಿಹಾರದ ಕಾಗದದಲ್ಲಿ ಹುತ್ತದ ಮುಂದೆ ‘ಮಣ್ಣು, ಒಂದು ಟ್ರ್ಯಾಕ್ಟರ್ ಲೋಡ್, ಆರುನೂರು ರೂಪಾಯಿ’ ಎಂದಿತ್ತು.

ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಪಳಗಿದ ನನ್ನ ಬಾಯಿ ಸುಮ್ಮನಿರಲಿಲ್ಲ.

“ಇಷ್ಟೇನ್ರಿ ಸಾಹೇಬ್ರ? ಒಳಗ ದೇವ್ರು ಅದಾನ! ಐದು ಸಾವಿರ ಬರೀರಿ.”

ಅವರು ನಗುತ್ತಾ ಬರೆದೇಬಿಟ್ಟರು. “ಆತು, ಸಹಿ ಮಾಡ್ರಿ ಅಮ್ಮಾ.”

ತಂಗಿ ಪೆನ್ನು ತೆಗೆದುಕೊಂಡಳು. ಸಹಿ ಹಾಕಿದಳು.

ವಾಪಸ್ ಬಸ್ಸಿನಿಂದ ಕುರುಗೋಡಿನಲ್ಲಿ ಇಳಿಯುವಾಗ ಅಂದಳು:

“ಸಾಹೇಬ್ರು ಮಣ್ಣಿಗೆ ಬೆಲಿ ಕಟ್ಟಿದ್ರು. ದೇವ್ರಿಗೆ ಕಟ್ಟಿದಾಕಿ ನೀನ ಅಕ್ಕಾ.”